ಚಿತ್ರದ ಹಿಂದುಗಡೆ ನೋಡುವುದು ಹೇಗೆ: 'ವಾಚ್‌ಮೆನ್' ಎರಡನೇ ಸಲ ಓದುವವರಿಗೆ

ಮೈಸೂರಿನ ಒಂದು ಪ್ರೆಸ್‌ನಲ್ಲಿ ಪ್ರೂಫ್ ನೋಡುವುದು ನನ್ನ ಕೆಲಸ. 22 ವರ್ಷ ಆಯ್ತು. ಈ ಕೆಲಸದಲ್ಲಿ ಮೊದಲು ಕಲಿಯುವ ಪಾಠ ಇದು: ಅರ್ಥ ಹಿಡಿದು ಓದುತ್ತಾ ಹೋದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮನಸ್ಸು ಮುಂದೆ ಓಡುತ್ತದೆ, ಕಣ್ಣು ಅದರ ಬೆನ್ನು ಹತ್ತುತ್ತದೆ. ಅದಕ್ಕೇ ಮುಖ್ಯವಾದ ಪುಟಗಳನ್ನು ನಾನು ಕೊನೆಯ ಸಾಲಿನಿಂದ ಮೇಲಕ್ಕೂ ಒಂದು ಸಲ ನೋಡುತ್ತೇನೆ. ಅಕ್ಕನ ಮಗ "ಚಿಕ್ಕಮ್ಮಾ, ಇದನ್ನ ಓದಿ ನೋಡಿ" ಅಂತ 'ವಾಚ್‌ಮೆನ್' ಅನ್ನುವ ಇಂಗ್ಲಿಷ್ ಕಾಮಿಕ್ಸ್ ಪುಸ್ತಕ ಕೊಟ್ಟಾಗ ಈ ಅಭ್ಯಾಸವೇ ಕೈ ಹಿಡಿಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಕಥೆ ಅಲನ್ ಮೂರ್, ಚಿತ್ರ ಡೇವ್ ಗಿಬ್ಬನ್ಸ್, ಬಣ್ಣ ಜಾನ್ ಹಿಗ್ಗಿನ್ಸ್. ಡಿಸಿ ಕಾಮಿಕ್ಸ್ ಇದನ್ನು 1986-87ರಲ್ಲಿ 12 ಸಂಚಿಕೆಗಳಾಗಿ ತಂದಿತು. ಕಥೆ ನಡೆಯುವುದು 1985ರ ನ್ಯೂಯಾರ್ಕ್‌ನಲ್ಲಿ. ಆದರೆ ಅದು ನಮಗೆ ಗೊತ್ತಿರುವ ನ್ಯೂಯಾರ್ಕ್ ಅಲ್ಲ. ನಿಜದಲ್ಲಿ 1974ರಲ್ಲೇ ರಾಜೀನಾಮೆ ಕೊಟ್ಟ ನಿಕ್ಸನ್ ಅಲ್ಲಿ ಇನ್ನೂ ಅಮೆರಿಕದ ಅಧ್ಯಕ್ಷ. ಮೊದಲ ಸಂಚಿಕೆಗೆ ಮೂರ್ ಬರೆದುಕೊಟ್ಟ ಸ್ಕ್ರಿಪ್ಟ್ ಒಂದೇ 101 ಪುಟ ಟೈಪ್ ಆಗಿತ್ತು. ಯಾವ ಚೌಕದಲ್ಲಿ, ಅಂದರೆ ಪುಟದ ಒಂದೊಂದು ಚಿತ್ರದಲ್ಲಿ, ಹಿಂದುಗಡೆ ಏನಿರಬೇಕು ಅನ್ನುವುದೆಲ್ಲ ಅದರಲ್ಲಿತ್ತು. ಗಿಬ್ಬನ್ಸ್ ತಮ್ಮ ಕಡೆಯಿಂದಲೂ ಜಾಸ್ತಿ ಸೇರಿಸಿದರು. ಹಾಗಾಗಿ ಗೋಡೆ ಮೇಲಿನ ಪೋಸ್ಟರನ್ನೂ ನಂಬಿ ಓದಬಹುದು.

ಮೊದಲ ಓದು ಕಥೆಗೇ ಇರಲಿ. ಏನನ್ನೂ ಹುಡುಕಬೇಡಿ. ಎರಡನೇ ಸಲ ಕೂರುವಾಗ ಕಾಗದದ ಪುಸ್ತಕ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ದೊಡ್ಡ ಪರದೆ. ನಾನು ಒಂದು ಸಂಚಿಕೆಯನ್ನು ಫೋನಿನಲ್ಲಿ ಓದಲು ಹೋಗಿ ಕೆಟ್ಟೆ. ಅದು ಒಂದೊಂದೇ ಚೌಕವನ್ನು ಹಿಗ್ಗಿಸಿ ತೋರಿಸುತ್ತಿತ್ತು. ಇಡೀ ಪುಟ ಕಾಣಲೇ ಇಲ್ಲ. ಈ ಪುಸ್ತಕದಲ್ಲಿ ಅರ್ಧ ವಿಷಯ ಇರುವುದು ಪುಟದ ಜೋಡಣೆಯಲ್ಲಿ.

ಗಿಬ್ಬನ್ಸ್ ಪುಟವನ್ನು ಅಡ್ಡ ಮೂರು, ಉದ್ದ ಮೂರು, ಹೀಗೆ ಒಂಬತ್ತು ಚೌಕ ಮಾಡುತ್ತಾರೆ. ಬೇಕಾದಾಗ ಎರಡು ಮೂರು ಚೌಕ ಕೂಡಿಸಿಕೊಳ್ಳುತ್ತಾರೆ. ಇದು ನಮಗೆ ತುಂಬಾ ಅನುಕೂಲ, ಪ್ರತಿ ವಸ್ತುವಿಗೂ ವಿಳಾಸ ಸಿಗುತ್ತದೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಸಂಚಿಕೆ, ಪುಟ, ಚೌಕ, ಈ ಮೂರು ಅಂಕಿ ಬರೆದು ಪಕ್ಕದಲ್ಲಿ ಕಂಡದ್ದನ್ನು ಬರೆಯಿರಿ. ಅರ್ಥ ಬರೆಯಬೇಡಿ. "ಬಾಟಲಿ", "ಆನೆ ಬೋರ್ಡು", "ಗಡಿಯಾರ", ಅಷ್ಟು ಸಾಕು. ಅರ್ಥ ಆಮೇಲೆ ತಾನಾಗಿ ಬರುತ್ತದೆ.

ಮೊದಲ ಸಂಚಿಕೆಯ ಮೊದಲ ಪುಟದಿಂದಲೇ ಶುರು ಮಾಡಿ. ಮಾತುಗಳನ್ನು ಓದಬೇಡಿ, ಬೇಕಿದ್ದರೆ ಒಂದು ಚೀಟಿಯಿಂದ ಮುಚ್ಚಿ. ಚರಂಡಿ ಪಕ್ಕ ರಕ್ತದಲ್ಲಿ ಒಂದು ಹಳದಿ ನಗುಮುಖದ ಬ್ಯಾಡ್ಜ್. ನಮ್ಮ ಕಣ್ಣು ಅಲ್ಲಿಂದ ಮೇಲೆ ಮೇಲೆ ಏರುತ್ತದೆ. ಒಬ್ಬ ಪೈಪು ಹಿಡಿದು ರಕ್ತ ತೊಳೆಯುತ್ತಿದ್ದಾನೆ. ಲೋಕದ ಅಂತ್ಯ ಹತ್ತಿರ ಬಂತು ಅಂತ ಬೋರ್ಡು ಹೊತ್ತ ಕೆಂಗೂದಲಿನವನು ಆ ರಕ್ತ ತುಳಿದುಕೊಂಡೇ ಹೋಗುತ್ತಾನೆ, ಕೆಂಪು ಹೆಜ್ಜೆ ಮೂಡುತ್ತದೆ. ರಸ್ತೆಯಲ್ಲಿ ಒಂದು ಗಾಡಿ, ಅದರ ತಲೆಯ ಮೇಲೆ ತ್ರಿಕೋನದ ಗುರುತು. ಮೊದಲ ಸಲ ಇದೆಲ್ಲ ಸುಮ್ನೆ ಬೀದಿ ಗಲಾಟೆ ಅನ್ನಿಸಿತ್ತು. ಆ ಬೋರ್ಡಿನವನು ಯಾರು ಅಂತ 5ನೇ ಸಂಚಿಕೆಯ ಕೊನೆಗೆ ಗೊತ್ತಾಗುತ್ತದೆ. ಆ ತ್ರಿಕೋನ ಯಾರದ್ದು ಅನ್ನುವುದು 10ನೇ ಸಂಚಿಕೆಯಲ್ಲಿ. ಕೊಲೆ ಮಾಡಿದವರು ಯಾರು ಅಂತ ಕೇಳುವ ಕಥೆ ಉತ್ತರದ ಕಡೆಗೆ ಹೋಗುವ ದಾರಿಯನ್ನು ಮೊದಲ ಪುಟದಲ್ಲೇ ಓಡಿಸಿಬಿಟ್ಟಿದೆ! ಇದು ಹೊಳೆದ ದಿನ ರಾತ್ರಿ ಒಂದು ಗಂಟೆವರೆಗೆ ನಾನು ಪುಸ್ತಕ ಕೆಳಗಿಡಲಿಲ್ಲ.

ಎಲ್ಲವನ್ನೂ ಒಟ್ಟಿಗೆ ಹುಡುಕಲು ಹೋದರೆ ಒಂದೂ ಸಿಗುವುದಿಲ್ಲ. ಒಂದು ವಸ್ತು ಹಿಡಿದು 12 ಸಂಚಿಕೆ ದಾಟಿ. ಹೊಸಬರಿಗೆ ನಾನು ಹೇಳುವುದು 'ನಾಸ್ಟಾಲ್ಜಿಯಾ' ಅನ್ನುವ ಸೆಂಟು. ಹಳೆಯ ದಿನಗಳ ಹಂಬಲ ಅಂತ ಅದರ ಅರ್ಥ. ಜಾಹೀರಾತಿನಲ್ಲಿ ಕಾಣುತ್ತದೆ, 9ನೇ ಸಂಚಿಕೆಯ ಮುಖಪುಟದಲ್ಲಿ ಅದರ ಬಾಟಲಿ ನಕ್ಷತ್ರಗಳ ನಡುವೆ ತೇಲುತ್ತದೆ. 10ನೇ ಸಂಚಿಕೆಯ ಕೊನೆಯ ಪುಟಗಳಲ್ಲಿ ಅದನ್ನು ಮಾರುವ ಕಂಪನಿಯ ಪತ್ರಗಳಿವೆ. ಭಯದ ಕಾಲದಲ್ಲಿ ಜನ ಹಳೆಯದನ್ನು ಬಯಸುತ್ತಾರೆ, ಮುಂದೆ ಬೇರೆ ಹೆಸರು ಬೇಕಾಗುತ್ತದೆ ಅನ್ನುವ ಲೆಕ್ಕಾಚಾರ ಅಲ್ಲಿದೆ. 12ನೇ ಸಂಚಿಕೆಗೆ ಬಂದಾಗ ಜಾಹೀರಾತು ಬದಲಾಗಿದೆ, ಈಗ 'ಮಿಲೇನಿಯಂ'. ಒಂದು ಊರಿನ ಮನಸ್ಸು ಹೇಗೆ ತಿರುಗಿತು ಅನ್ನುವುದನ್ನು ಒಂದು ಸೆಂಟಿನ ಜಾಹೀರಾತು ಹೇಳುತ್ತದೆ. ಹಾಗಾಗಿ ಸಂಚಿಕೆಗಳ ಕೊನೆಗೆ ಬರುವ ಅಕ್ಷರದ ಪುಟಗಳನ್ನು ದಯವಿಟ್ಟು ಹಾರಿಸಬೇಡಿ. ಚಿತ್ರ ಇಲ್ಲ ಅಂತ ಜಾಸ್ತಿ ಜನ ಹಾರಿಸುತ್ತಾರೆ.

ಗೋಡೆ ಬರಹವನ್ನೂ ಹೀಗೇ ಹಿಡಿಯಬಹುದು. ಕಾಯುವವರನ್ನು ಕಾಯುವವರು ಯಾರು ಅನ್ನುವ ಸಾಲು ಊರಿನ ತುಂಬಾ ಇದೆ. ಆದರೆ ಕಥೆಯೊಳಗೆ ಎಲ್ಲೂ ಅದು ಪೂರ್ತಿ ಕಾಣುವುದಿಲ್ಲ. ಯಾರದೋ ಮೈ ಅಡ್ಡ, ಇಲ್ಲವೇ ಚೌಕದ ಅಂಚು ಅಡ್ಡ. ಪ್ರತಿ ಸಲ ಯಾವ ಪದ ಮರೆಯಾಗಿದೆ ಅಂತ ಬರೆದಿಡಿ. ಪೂರ್ತಿ ಸಾಲು ಸಿಗುವುದು ಕಥೆ ಮುಗಿದ ಮೇಲೆ. ಅದು ರೋಮನ್ ಕವಿ ಜುವೆನಲ್‌ನ ಮಾತು.

ಹಿನ್ನೆಲೆಯಲ್ಲಿ ಇರುವ ಕೆಲವು ವಸ್ತುಗಳು ಆ ಲೋಕ ಹೇಗಿದೆ ಅಂತ ಹೇಳಲು ಮಾತ್ರ ಇವೆ. ಹೋಟೆಲಿನ ತಟ್ಟೆಯಲ್ಲಿ ನಾಲ್ಕು ಕಾಲಿನ ಕೋಳಿ. ರಸ್ತೆ ಬದಿಯಲ್ಲಿ ಕಾರುಗಳಿಗೆ ಕರೆಂಟು ತುಂಬುವ ಗಿಡ್ಡ ಕಂಬ. ಈಗ ನಮಗೆ ಅದು ದಿನಾ ಕಾಣುವ ವಸ್ತು, 1986ರಲ್ಲಿ ಹಾಗಿರಲಿಲ್ಲ ಅಲ್ವಾ. ಕಥೆಯಲ್ಲಿ ಅತಿಮಾನುಷ ಶಕ್ತಿ ಇರುವ ಡಾಕ್ಟರ್ ಮ್ಯಾನ್‌ಹಟನ್ ಬ್ಯಾಟರಿಗೆ ಬೇಕಾದ ಲಿಥಿಯಂ ತಾನೇ ಮಾಡಬಲ್ಲ, ಅದಕ್ಕೇ ಆ ಕಾರುಗಳು. ಕಾರಣ ಗೊತ್ತಾಗುವುದು 4ನೇ ಸಂಚಿಕೆಯಲ್ಲಿ, ಕಂಬ ಅದಕ್ಕೂ ಮೊದಲೇ ನಿಂತಿರುತ್ತದೆ. ನಮ್ಮವರ ಕಣ್ಣಿಗೆ ಬೇಗ ಬೀಳುವುದು 'ಗಂಗಾ ಡೈನರ್' ಅನ್ನುವ ಇಂಡಿಯನ್ ಹೋಟೆಲು, ಅದರ ಆನೆ. ಬ್ರಿಟಿಷರ ಕಾಲದ ನೀರು ಹೊರುವವನ ಮೇಲೆ ಕಿಪ್ಲಿಂಗ್ 'ಗಂಗಾ ದಿನ್' ಅಂತ ಪದ್ಯ ಬರೆದಿದ್ದ. ಹೋಟೆಲಿನ ಹೆಸರು ಅದರ ಮೇಲಿನ ಪದದಾಟ.

ಈಗ 5ನೇ ಸಂಚಿಕೆ. ಇದಕ್ಕೆ ಒಂದು ಭಾನುವಾರ ಪೂರ್ತಿ ಇಡಿ. ಒಂದು ಕಡೆ ಮೊದಲ ಪುಟ, ಇನ್ನೊಂದು ಕಡೆ ಕೊನೆಯ 28ನೇ ಪುಟ. ಎರಡನ್ನೂ ಹೋಲಿಸಿ. ಆಮೇಲೆ 2 ಮತ್ತು 27, 3 ಮತ್ತು 26. ಚೌಕಗಳ ಜೋಡಣೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದೆ. ಒಳಗೆ ಹೋದ ಹಾಗೆ 14 ಮತ್ತು 15ನೇ ಪುಟಕ್ಕೆ ಬರುತ್ತೀರಿ, ಎರಡೂ ಎದುರುಬದುರು. ಮಡಿಕೆಯ ಎರಡೂ ಕಡೆ ಚಾಚಿದ ಒಂದು ಹೊಡೆದಾಟದ ಚಿತ್ರ, ಇಡೀ ಸಂಚಿಕೆಯ ನಟ್ಟನಡುವೆ. ಮುಖಪುಟದಿಂದಲೇ ಸುಳಿವು ಇತ್ತು: ನೀರಿನ ಹೊಂಡದಲ್ಲಿ ಬಿದ್ದ ಬೋರ್ಡಿನ ಪ್ರತಿಬಿಂಬ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಆರ್ ಅಕ್ಷರಗಳ ಗುರುತನ್ನೂ ಹುಡುಕಿ. ಪುಟ ಕಟ್ಟುವ ಕೆಲಸ ಹತ್ತಿರದಿಂದ ನೋಡಿದವಳು ನಾನು. 28 ಪುಟವನ್ನು ಹೀಗೆ ಹೊಂದಿಸಿಯೂ ಕಥೆ ಎಲ್ಲೂ ಎಳೆದಂತೆ ಆಗದಿರುವುದು ಎಂಥ ಕೆಲಸ ಅಂತ ನನಗೆ ಗೊತ್ತು.

ಬಣ್ಣವನ್ನೂ ಮರೆಯಬೇಡಿ. 6ನೇ ಸಂಚಿಕೆಯನ್ನು ಓದದೆ ಬರೀ ಪುಟ ತಿರುವಿ. ಬೆಳಕಾಗಿ ಶುರುವಾಗಿ ಮೆಲ್ಲಗೆ ಮಂಕಾಗುತ್ತಾ, ಕೊನೆಯ ಚೌಕ ಪೂರ್ತಿ ಕಪ್ಪು.

ಒಂದು ಎಚ್ಚರಿಕೆ. ಕಂಡದ್ದಕ್ಕೆಲ್ಲ ಗುಟ್ಟು ಕಟ್ಟಬೇಡಿ. ನನ್ನ ಲೆಕ್ಕ ಹೀಗೆ: ಒಂದು ವಸ್ತು ಮೂರು ಸಲವಾದರೂ ಬರಬೇಕು, ಇಲ್ಲವೇ ಎರಡನೇ ಸಲ ಬಂದಾಗ ಏನಾದರೂ ಬದಲಾಗಿರಬೇಕು. ಇಲ್ಲದಿದ್ದರೆ ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಲ್ಲೇ ಇರಲಿ.

ಎಲ್ಲ ಆದ ಮೇಲೆ 12ನೇ ಸಂಚಿಕೆಯ ಕೊನೆಯ ಚೌಕ ತೆಗೆಯಿರಿ. ಮೊದಲ ಸಂಚಿಕೆಯ ಮೊದಲ ಚೌಕವನ್ನು ಅದರ ಪಕ್ಕ ಇಟ್ಟುಕೊಳ್ಳಿ. ಕೆಂಪು ಎಲ್ಲಿ ಬಿದ್ದಿದೆ ನೋಡಿ. ಅದು ಯಾವುದರ ಕೆಂಪು ಅಂತ ನಾನು ಹೇಳುವುದಿಲ್ಲ.