ಐಸ್ ಪ್ಯಾಕ್ ಬೆವರಿದ ಮೇಲೆಯೇ ಲಸಿಕೆ ಹೊರಡಲಿ

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆಯ ದಿನ ನಾನು ಮತ್ತೆ ಮತ್ತೆ ಕಂಡ ತಪ್ಪು ಒಂದೇ. ಬಸ್ ತಪ್ಪೀತೆಂಬ ಅವಸರದಲ್ಲಿ ಡೀಪ್ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕುಗಳನ್ನು ಹಾಗೆಯೇ ವ್ಯಾಕ್ಸಿನ್ ಕ್ಯಾರಿಯರಿಗೆ, ಅಂದರೆ ಲಸಿಕೆ ಒಯ್ಯುವ ತಂಪು ಪೆಟ್ಟಿಗೆಗೆ, ತುರುಕುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಪ್ಯಾಕನ್ನು ಸರಿಯಾಗಿ ಸಿದ್ಧಪಡಿಸುವುದನ್ನು ಮೊದಲ ವಾರವೇ ಕಲಿಯಬೇಕು.

ಮೊದಲು, ಪ್ಯಾಕಿಗೆ ಗುರುತಿನವರೆಗೆ ಬರೀ ನೀರು ತುಂಬಿ, ಮುಚ್ಚಳ ಬಿಗಿದು, ತಲೆಕೆಳಗೆ ಹಿಡಿದು ನೋಡಿ, ಫ್ರೀಜರಿಗೆ ಇಡಿ. ಉಪ್ಪು ಬೇಡ. ಸೋರುವ ಪ್ಯಾಕಿಗೆ ಟೇಪು ಸುತ್ತಿ ಬಳಸಲೇಬೇಡಿ, ಬದಲಿ ಕೇಳಿ ಪಡೆಯಿರಿ.

ಹೊರಡುವ ಬೆಳಗ್ಗೆ ನಾಲ್ಕು ಪ್ಯಾಕುಗಳನ್ನು ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿ. ಮೇಲಿನ ಬಿಳಿ ಹಿಮ ಕರಗಿ ಹನಿ ಮೂಡುತ್ತದೆ. ಅಷ್ಟಕ್ಕೇ ಎತ್ತಿಕೊಳ್ಳಬೇಡಿ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿ. ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಗಡಿಯಾರವನ್ನು ನಂಬಬೇಡಿ, ಕಲಬುರಗಿಯ ಮೇ ತಿಂಗಳಿಗೂ ಮಡಿಕೇರಿಯ ಜುಲೈಗೂ ಹಿಡಿಯುವ ಹೊತ್ತು ಬೇರೆ. ಬಿಸಿನೀರು ಸುರಿಯುವುದು, ಬಿಸಿಲಿಗಿಡುವುದು ಕೂಡದು.

ಇಷ್ಟು ಹಟವೇಕೆಂದರೆ, ಐದು ರೋಗ ತಡೆಯುವ ಪೆಂಟಾವೇಲೆಂಟ್, ಹೆಪಟೈಟಿಸ್-ಬಿ, ಧನುರ್ವಾಯು-ಡಿಫ್ತೀರಿಯಾ ತಡೆಯುವ ಟಿಡಿ ಲಸಿಕೆಗಳು ಗಟ್ಟಿ ಪ್ಯಾಕಿನ ಪಕ್ಕದಲ್ಲಿ ಹೆಪ್ಪುಗಟ್ಟಿದರೆ ಕೆಟ್ಟವೆಂದೇ ಲೆಕ್ಕ. ಅವುಗಳಿಗೆ ಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು. ವಯಲ್ (ಲಸಿಕೆಯ ಪುಟ್ಟ ಸೀಸೆ) ಮೇಲಿನ ವಿವಿಎಂ, ಅಂದರೆ ಬಣ್ಣ ಬದಲಾಗುವ ಚೌಕದ ಗುರುತು, ಶಾಖ ತಗುಲಿದ್ದನ್ನು ಮಾತ್ರ ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನಲ್ಲ. ಚೌಕ ಬೆಳ್ಳಗಿದೆಯೆಂದು ಧೈರ್ಯವಾಗಿ ಚುಚ್ಚುತ್ತೇವೆ. ದಿನದ ಕೂಲಿ ಬಿಟ್ಟು ಮಗುವನ್ನು ಎತ್ತಿಕೊಂಡು ಬಂದ ತಾಯಿ, ಕಸುವಿಲ್ಲದ ಮದ್ದು ಹಾಕಿಸಿಕೊಂಡು ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ನನಗೆ ಇದನ್ನು ಸಹಿಸಲಾಗುವುದಿಲ್ಲ.

ಉಳಿದದ್ದು ಸುಲಭ. ಪ್ಯಾಕುಗಳನ್ನು ಒರೆಸಿ ನಾಲ್ಕು ಬದಿಗೆ ನಿಲ್ಲಿಸಿ, ವಯಲ್‌ಗಳನ್ನು ಜಿಪ್ ಚೀಲದಲ್ಲಿ ನಡುವೆ ಇಟ್ಟು ಮುಚ್ಚಿ. ಬಿರುಕು ಬಿಟ್ಟ ಮುಚ್ಚಳದ ಕ್ಯಾರಿಯರ್ ನಿಮ್ಮ ಪಾಲಿಗೆ ಬಂದರೆ ಸಂಕೋಚಪಡದೆ ಹಿಂದಿರುಗಿಸಿ.

ಅಂಗನವಾಡಿಯಲ್ಲಿ ಕುಳಿತ ಮೇಲೆ ತೆರೆದ ವಯಲ್ ನಿಯಮ ನೆನಪಿರಲಿ. ಪೆಂಟಾವೇಲೆಂಟ್, ಟಿಡಿ ತೆರೆದಿದ್ದರೂ ತಂಪು ಕೆಡದೆ, ವಿವಿಎಂ ಸರಿಯಿದ್ದು, ಅವಧಿ ಮುಗಿಯದೆ, ರಬ್ಬರ್ ಮುಚ್ಚಳ ನೀರಿನಲ್ಲಿ ಮುಳುಗದೆ ಇದ್ದರೆ 28 ದಿನ ಬಳಸಬಹುದು. ಕ್ಷಯದ ವಿರುದ್ಧದ ಬಿಸಿಜಿ, ದಡಾರ-ರುಬೆಲ್ಲಾ ಹಾಗಲ್ಲ: ಪುಡಿಗೆ ದ್ರವ ಬೆರೆಸಿ ಕಲಸಿದ 4 ಗಂಟೆಗೆ ಅಥವಾ ಶಿಬಿರ ಮುಗಿದ ಕೂಡಲೇ, ಯಾವುದು ಮೊದಲೋ ಆಗ, ಬಳಕೆ ನಿಲ್ಲಬೇಕು. ಅರ್ಧ ವಯಲ್ ಹಾಳಾಗುತ್ತದೆಂದು ಮರುಗಬೇಡಿ. ತೆರೆದ ಹೊತ್ತನ್ನು ಆಗಲೇ ವಯಲ್‌ನ ಲೇಬಲ್ ಮೇಲೆ ಬರೆಯಿರಿ. ಆಮೇಲೆ ಬರೆದರಾಯಿತು ಎಂದುಕೊಂಡರೆ ಹತ್ತು ಮಕ್ಕಳ ಅಳುವಿನ ನಡುವೆ ಅದು ಮರೆತೇಹೋಗುತ್ತದೆ.