ನಮ್ಮ ಬಡಾವಣೆಯ ಹಳ್ಳ ಎಲ್ಲಿ ಹುಟ್ಟುತ್ತದೆ?

2022ರ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ನಮ್ಮ ಮನೆಯೊಳಗೆ ಮೊಣಕಾಲುದ್ದ ನೀರು ನುಗ್ಗಿತು. ಬೆಳಗ್ಗೆ ಹಾಸಿಗೆಯಿಂದ ಹಿಡಿದು ಮಕ್ಕಳ ಪುಸ್ತಕದವರೆಗೆ ಎಲ್ಲವನ್ನೂ ಬಿಸಿಲಿಗೆ ಹಾಕಿದೆವು. ಬೀದಿಯವರೆಲ್ಲ ಒಂದೇ ಮಾತು ಹೇಳಿದರು: "ಹಳ್ಳ ಉಕ್ಕಿತು." ಆದರೆ ಹಳ್ಳಕ್ಕೆ ಅಷ್ಟು ನೀರು ಬಂದಿದ್ದು ಎಲ್ಲಿಂದ? ತುಮಕೂರಿನ ಅಂಚಿನಲ್ಲಿರುವ ನಮ್ಮ ಬಡಾವಣೆಯಲ್ಲಿ ಅದು ಎಂಟಡಿ ಅಗಲದ ಕೊಳಚೆ ಕಾಲುವೆ ಅಷ್ಟೇ. ಅದಕ್ಕೆ ಹೆಸರೂ ಇಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಜಲಾನಯನ ಪ್ರದೇಶದ, ಅಂದರೆ ಒಂದು ಹಳ್ಳಕ್ಕೆ ನೀರು ಹರಿದು ಬರುವ ಇಡೀ ನೆಲದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ನಮ್ಮ ಹಳ್ಳದ ಚಿತ್ರವನ್ನೂ ಬರೆಯಬೇಕು ಅಂತ ಅವತ್ತೇ ಅನ್ನಿಸಿತು.

ಮೊದಲು ಸರ್ವೆ ಆಫ್ ಇಂಡಿಯಾದ ನಕಾಶೆ ಇಳಿಸಿಕೊಂಡು, ಅಳತೆ ಕೆಡದ ಹಾಗೆ ಪ್ರಿಂಟ್ ಹಾಕಿಸಿದೆ. ಅದರಲ್ಲಿ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಪ್ರತಿ 20 ಮೀಟರ್ ಎತ್ತರಕ್ಕೆ ಒಂದು ಗೆರೆ, ಒಂದೇ ಎತ್ತರದ ಜಾಗಗಳನ್ನು ಜೋಡಿಸುವಂಥದ್ದು. ಹಳ್ಳ ಇರುವ ಕಡೆ ಈ ಗೆರೆಗಳ ಮೊನೆ ಎತ್ತರದ ಕಡೆ ತಿರುಗಿರುತ್ತದೆ. ದಿಣ್ಣೆ ಇರುವ ಕಡೆ ತಗ್ಗಿನ ಕಡೆ ತಿರುಗಿರುತ್ತದೆ. ದಿಣ್ಣೆಗಳನ್ನೇ ಹಿಡಿದು ಪೆನ್ಸಿಲ್ ಎಳೆಯುತ್ತ ಹೋದರೆ ನೀರು ಎರಡು ಪಾಲಾಗುವ ಗೆರೆ ಸಿಗುತ್ತದೆ. ಒಂದು ಭಾನುವಾರ ಸಾಕು ಅಂದುಕೊಂಡಿದ್ದೆ. ಆದರೆ ನಮ್ಮ ಕಡೆ ನೆಲದಲ್ಲಿ ಏರಿಳಿತ ಕಡಿಮೆ. ಎರಡು ಗೆರೆಗಳ ನಡುವೆ ಇಡೀ ಬಡಾವಣೆಯೇ ಕೂತಿದೆ! ಉಳಿದದ್ದನ್ನು ಮಳೆ ಬರುವಾಗ ನಡೆದೇ ನೋಡಬೇಕಾಯಿತು.

ಕೊಡೆ ಹಿಡಿದು, ಪ್ರತಿ ಕ್ರಾಸಿನಲ್ಲೂ ನಿಂತು, ನೀರು ಯಾವ ಕಡೆ ಹರಿಯುತ್ತದೆ ಅಂತ ಬಾಣದ ಗುರುತು ಹಾಕಿಕೊಂಡೆ. ಓವರ್‌ಹೆಡ್ ಟ್ಯಾಂಕಿನ ಪಕ್ಕದಲ್ಲಿ ಒಂದು ಗಣಪತಿ ಗುಡಿ ಇದೆ. ಅದರ ಮುಂದಿನ ಅಂಗಳದ ನೀರು ನಮ್ಮ ಹಳ್ಳಕ್ಕೆ ಬರುತ್ತದೆ. ಹಿಂದಿನ ಗೋಡೆಯ ನೀರು ಆ ಕಡೆಯ ತಗ್ಗಿಗೆ ಇಳಿದು ಬೇರೆ ದಾರಿ ಹಿಡಿಯುತ್ತದೆ. ದಿನಾ ಕೈಮುಗಿದು ಹೋಗುವ ಜಾಗ, ಆದರೂ ನನಗೆ ಗೊತ್ತೇ ಇರಲಿಲ್ಲ. ನೀರನ್ನು ಎರಡು ಪಾಲು ಮಾಡುವ ಇದೇ ಕೆಲಸವನ್ನು ದೊಡ್ಡದಾಗಿ ಮಾಡುವುದು ದೇವರಾಯನದುರ್ಗದ ಬೆಟ್ಟ. ಅಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹೋಗಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಶಿಂಷಾ ದಕ್ಷಿಣಕ್ಕೆ ಇಳಿದು ಕಾವೇರಿಗೆ ಸೇರುತ್ತದೆ.

ಎರಡು ಕಡೆ ಮಾತ್ರ ಬಾಣಗಳು ನಕಾಶೆಯ ಹಳ್ಳಕ್ಕೆ ಹೊಂದಲೇ ಇಲ್ಲ. ಅಲ್ಲೇ ಪಕ್ಕದಲ್ಲಿ ಒಬ್ಬ ತಾತ ಇದ್ದಾರೆ. ಅವರ ತಂದೆ ಹಿಂದೆ ಊರಿನ ಕೆರೆಗೆ ನೀರುಗಂಟಿಯಾಗಿದ್ದರು, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚಿ ಬಿಡುವವರು. ನನ್ನ ಹಾಳೆಯನ್ನು ಅವರು ತಲೆಕೆಳಗು ಹಿಡಿದುಕೊಂಡರು. ಅವರು ನಿಂತ ಕಡೆಯಿಂದ ನೋಡಿದರೆ ಹಾಗೆ ಹಿಡಿದದ್ದೇ ಸರಿಯಾಗಿತ್ತು.

"ಇಲ್ಲಿ ಒಂದು ಮರಿಹಳ್ಳ ಇತ್ತು ಕಣವ್ವ. ನೀರು ಬಂದ್ರೆ ಹಳ್ಳ, ಬರದಿದ್ರೆ ಗಾಡಿ ದಾರಿ. ನಾವು ಅದರೊಳಗೇ ಎತ್ತು ಹೊಡ್ಕೊಂಡು ಹೋಗ್ತಿದ್ವಿ."

ಆಮೇಲೆ ಹಳೆಯ ಗ್ರಾಮ ನಕ್ಷೆ ತೆಗೆಸಿ ನೋಡಿದೆ. ಅವರು ಕೈ ತೋರಿಸಿದ ಕಡೆಯೇ ಹಳ್ಳದ ಜೋಡಿ ಗೆರೆ ಇತ್ತು. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್‌ ನೋಡಿಕೊಂಡು ಅದೇ ಸರ್ವೆ ನಂಬರಿನ ಮೇಲೆ ನಿಂತಾಗ ನನ್ನ ಕಾಲ ಕೆಳಗೆ ಇದ್ದದ್ದು ಟಾರು ರಸ್ತೆ. ವರ್ಷದಲ್ಲಿ ಹತ್ತು ತಿಂಗಳು ಒಣಗಿದ್ದ ಹಳ್ಳವನ್ನು ಎಲ್ಲರೂ ದಾರಿ ಅಂತಲೇ ನೋಡಿದ್ದರು. ಲೇಔಟ್ ಮಾಡಿದವರು ಅದನ್ನೇ ಎತ್ತರಿಸಿ ರಸ್ತೆ ಮಾಡಿ, ಕೆಳಗೆ ಎರಡಡಿಯ ಎರಡು ಪೈಪು ಹಾಕಿದ್ದರು. ನನಗೆ ತುಂಬ ನೋವಾಗಿದ್ದು ಇದು. ಬೇಸಿಗೆಯಲ್ಲಿ ನೀರಿಲ್ಲ ಅಂದ ಮಾತ್ರಕ್ಕೆ ಅದು ಹಳ್ಳ ಅಲ್ಲದೆ ಹೋಗುತ್ತದಾ? ನಮ್ಮ ಬಯಲುಸೀಮೆಯ ಹಳ್ಳಗಳೆಲ್ಲ ಹಾಗೇ ಅಲ್ವಾ?

ಇನ್ನು ಲೆಕ್ಕ. ನಕಾಶೆಯ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ಗಡಿ ಎಳೆದು, ಒಳಗಿನ ಚೌಕಗಳನ್ನು ಎಣಿಸಿದೆ. 13 ಚದರ ಸೆಂಟಿಮೀಟರ್ ಬಂತು. ಅಂದರೆ ನೆಲದ ಮೇಲೆ ಮೂರೂಕಾಲು ಚದರ ಕಿಲೋಮೀಟರ್. 1 ಚದರ ಕಿಲೋಮೀಟರ್ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1 ಕೋಟಿ ಲೀಟರ್ ನೀರು. ಹಾಗಾದರೆ 50 ಮಿಲಿಮೀಟರ್ ಮಳೆಗೆ ನಮ್ಮ ಹಳ್ಳದ ಪಾಲು 16 ಕೋಟಿ ಲೀಟರ್ ದಾಟುತ್ತದೆ. ಅರ್ಧ ಇಂಗಿತು ಅಂತಲೇ ಇಟ್ಟುಕೊಳ್ಳಿ. ಉಳಿದ 8 ಕೋಟಿ ಎರಡು ಗಂಟೆಯಲ್ಲಿ ಹರಿದು ಹೋಗಬೇಕಾದರೆ ಸೆಕೆಂಡಿಗೆ 11,000 ಲೀಟರ್ ಹೋಗಬೇಕು. ಎರಡು ಪೈಪು ಎಲ್ಲಿ ಸಾಲುತ್ತದೆ?

ಸಾಧಾರಣ ಮಳೆಯಲ್ಲಿ ಹರಿವನ್ನು ನಾನೇ ಅಳೆದಿದ್ದೇನೆ. ದಡದಲ್ಲಿ 10 ಮೀಟರ್ ಗುರುತು ಮಾಡಿ ಮೊದಲು ಕರಟ ತೇಲಿಬಿಟ್ಟೆ. ಗಾಳಿ ಅದನ್ನು ಪಕ್ಕಕ್ಕೆ ತಳ್ಳಿತು. ನಿಂಬೆಹಣ್ಣು ಒಳ್ಳೆಯದು, ಮುಕ್ಕಾಲು ಮುಳುಗಿ ನೀರಿನ ಜೊತೆಗೇ ಹೋಗುತ್ತದೆ. 12 ಸೆಕೆಂಡ್ ತೆಗೆದುಕೊಂಡಿತು. ಮೇಲಿನ ನೀರು ಒಳಗಿನದಕ್ಕಿಂತ ಜೋರು ಇರುವುದರಿಂದ ವೇಗವನ್ನು 0.85ರಿಂದ ಗುಣಿಸಬೇಕು. ಅದನ್ನು ಅಗಲ, ಆಳದ ಜೊತೆ ಗುಣಿಸಿದಾಗ ಸೆಕೆಂಡಿಗೆ ಸುಮಾರು 500 ಲೀಟರ್ ಬಂತು. ಹತ್ತು ಸೆಕೆಂಡಿಗೆ ಒಂದು ಟ್ಯಾಂಕರ್ ನೀರು! ದಯವಿಟ್ಟು ನೀರಿಗೆ ಇಳಿಯಬೇಡಿ, ದಡದಲ್ಲೇ ನಿಂತು ಮಾಡಿ.

ಮಳೆ ಇಲ್ಲದ ದಿನಗಳಲ್ಲಿ ಹಳ್ಳದಲ್ಲಿ ಹರಿಯುವುದು ನಮ್ಮದೇ ಬಚ್ಚಲ ನೀರು. ಅದು ಹೇಮಾವತಿಯ ನೀರು. ಗೊರೂರಿನ ಅಣೆಕಟ್ಟಿನಿಂದ ನಾಲೆಯಲ್ಲಿ ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ನಮ್ಮ ನಲ್ಲಿಗೆ ಬರುತ್ತದೆ. ಹೇಮಾವತಿ ತನ್ನ ಪಾಡಿಗೆ ಹರಿದಿದ್ದರೆ ಕನ್ನಂಬಾಡಿಯಲ್ಲಿ ಕಾವೇರಿ ಸೇರುತ್ತಿತ್ತು. ನಮ್ಮ ಮನೆಗಳನ್ನು ಸುತ್ತಿ ಬಂದದ್ದು ಭೀಮಸಂದ್ರದ ಕಡೆ ಇಳಿದು, ಶಿಂಷಾ ಹಿಡಿದು, ಕಡಬ ಕೆರೆ, ಮಾರ್ಕೋನಹಳ್ಳಿ ಜಲಾಶಯದ ದಾರಿಯಲ್ಲಿ ಅದೇ ಕಾವೇರಿಯ ಕಡೆ ಹೋಗುತ್ತದೆ, ಸೋಪಿನ ನೊರೆ ಹೊತ್ತುಕೊಂಡು. ಇದು ತಿಳಿದ ಮೇಲೆ ನಮ್ಮ ಬೀದಿಯ ಕಸವನ್ನು ಹಳ್ಳದ ಪಕ್ಕ ಸುರಿಯಲು ನಾನು ಬಿಟ್ಟಿಲ್ಲ.

ನಕ್ಷೆಯ ಒಂದು ಪ್ರತಿಯನ್ನು ಅರ್ಜಿಯ ಜೊತೆ ಕೊಟ್ಟಿದ್ದೇವೆ. ಪೈಪು ಇನ್ನೂ ಬದಲಾಗಿಲ್ಲ. ದಿಣ್ಣೆಯ ಮೇಲಿನ ಹದಿನಾಲ್ಕು ಮನೆಯವರು ಚಾವಣಿ ನೀರನ್ನು ಇಂಗುಗುಂಡಿಗೆ ಬಿಟ್ಟಿದ್ದಾರೆ. ಅವರ ಮನೆಗೆ ಯಾವತ್ತೂ ನೀರು ನುಗ್ಗಿದ್ದಿಲ್ಲ. ನಕ್ಷೆಯಲ್ಲಿ ತಮ್ಮ ಮನೆ ಎಲ್ಲಿದೆ ಅಂತ ಬೆರಳಿಟ್ಟು ನೋಡಿದ ಮೇಲೆ ಒಪ್ಪಿಕೊಂಡರು.

ಮೋರಿಯ ಗೋಡೆಗೆ ಹತ್ತು ಸೆಂಟಿಮೀಟರಿಗೊಂದರಂತೆ ಬಿಳಿ ಬಣ್ಣದ ಗೆರೆ ಬರೆದಿದ್ದೇನೆ. ಮಳೆ ಬಂದಾಗಲೆಲ್ಲ ಯಾರಾದರೂ ನೋಡಿ ಹೇಳುತ್ತಾರೆ. ಮೊನ್ನೆ ರಾತ್ರಿ ತಾತನೇ ಫೋನ್ ಮಾಡಿದರು: "ನಾಕನೇ ಗೆರೆ ಮುಟ್ಟೈತೆ, ಬರ್ಕೊಳವ್ವ."