ಬಾಯಿತಾಳದಿಂದ ಡ್ರಮ್ಸ್, ಅದೇ ಲೆಕ್ಕದಲ್ಲಿ ಈಜು: ನನ್ನ ಅನುಭವ

ನಲವತ್ತು ದಾಟಿದ ಮೇಲೆ ಡ್ರಮ್ಸ್ ಕಲಿಯೋದಾದರೆ ಕೈಗಿಂತ ಮೊದಲು ಬಾಯಿ ಕಲಿಯಬೇಕು, ಅಂದರೆ ತಾಳದ ಅಕ್ಷರಗಳನ್ನು ಬಾಯಲ್ಲಿ ಹೇಳುವ ಬಾಯಿತಾಳ ಬರಬೇಕು. ನಾನು ಹೀಗೆ ಹೇಳಿದಾಗ ಕಾರವಾರದಲ್ಲಿ ನಗದವರು ಕಡಿಮೆ. ಈಗ ಶನಿವಾರ ಸಂಜೆ ಆ ನಕ್ಕವರ ಜೊತೆಗೇ ಕೂತು ಬಾರಿಸುತ್ತೇನೆ. ಅದಕ್ಕೇ ಬರೆಯುವ ಧೈರ್ಯ ಬಂದಿದೆ. ಸ್ಟಿಕ್ ಹಿಡಿಯುವುದು, ಪ್ರಾಕ್ಟೀಸ್ ಪ್ಯಾಡ್, ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ. ಅದನ್ನು ಬಿಡೋಣ. ದುಡ್ಡು ಎಲ್ಲಿ ಹೋಯಿತು ಅಂತ ಮೊದಲು ಹೇಳುತ್ತೇನೆ.

ಮೊದಲ ಕಿಟ್ ತಂದದ್ದು ಮಡಗಾಂವ್ ಕಡೆಯಿಂದ. ಕಾರವಾರದವರಿಗೆ ಹುಬ್ಬಳ್ಳಿಗಿಂತ ಅದು ಹತ್ತಿರ. ಅಲ್ಲಿ ಹೋಟೆಲ್ ಬ್ಯಾಂಡು, ಮದುವೆ ಬ್ಯಾಂಡು ಜಾಸ್ತಿ. ಹಳೇ ಕಿಟ್ ಕೈ ಬದಲಾಗುತ್ತಲೇ ಇರುತ್ತದೆ. ಟೂರಿಸ್ಟ್ ಸೀಸನ್ ಮುಗಿದು ಮೇ ಕೊನೆ ಬಂತು ಅಂದರೆ ರೇಟು ಇಳಿಯುತ್ತದೆ. ಯಾರ ಹತ್ತಿರ ಅಂತ ಮಾತ್ರ ಹೇಳಲ್ಲ, ನನಗೇ ಇನ್ನೊಂದು ರೈಡ್ ಸಿಂಬಲ್ (ಬಾರಿಸುವ ದೊಡ್ಡ ಲೋಹದ ತಟ್ಟೆ) ಬೇಕಾಗಿದೆ. ಐದು ಪೀಸಿನ ಕಿಟ್‌ಗೆ 18 ಸಾವಿರ ಕೊಟ್ಟ ನೆನಪು. ಟೆಂಪೊ ಬಾಡಿಗೆ ಬೇರೆ, ಮೂರು ಸಾವಿರದ ಹತ್ತಿರ.

ಆ ಕಿಟ್ ನನ್ನ ಮನೆಯಲ್ಲಿ ಒಂದೇ ಮಳೆಗಾಲ ಉಳಿಯಿತು. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ, ಅದರ ಮೇಲೆ ಕಡಲಿನ ಉಪ್ಪು ಗಾಳಿ. ಮೊದಲು ಹೋದದ್ದು ಸ್ನೇರ್, ಅಂದರೆ ಮುಂದೆ ಇಟ್ಟು ಬಾರಿಸುವ ಚಿಕ್ಕ ಡ್ರಮ್, ಅದರ ಕೆಳಗಿನ ತಂತಿ. ಆಮೇಲೆ ಡ್ರಮ್ಮಿನ ಮೇಲ್ಹೊದಿಕೆ ಬಿಗಿಸುವ ಟೆನ್ಶನ್ ರಾಡ್‌ಗಳು, ಆಮೇಲೆ ಸ್ಟ್ಯಾಂಡಿನ ಕ್ರೋಮ್. ಸಿಂಬಲ್ ಹಸಿರು ತಿರುಗಿತು. ಫೆಲ್ಟ್ ವಾಷರ್ ಮೇಲೆ ಬೂಷ್ಟು. ರಾಡ್‌ಗಳಿಗೆ ಹೊಲಿಗೆ ಮಶಿನ್ ಎಣ್ಣೆ ಹಾಕಿ, ಮುಚ್ಚಿದ ಕಪಾಟಿನಲ್ಲಿ ಸ್ನೇರ್ ಇಟ್ಟು ಹಳೇ ಕಾಲದ 40 ವ್ಯಾಟ್ ಬಲ್ಬು ಉರಿಸಿದರೆ ತಡೆಯುತ್ತದೆ ಅಂತ ಗೊತ್ತಾಗುವಷ್ಟರಲ್ಲಿ ಜುಲೈ ಮುಗಿದಿತ್ತು.

ಅದಕ್ಕಿಂತ ದೊಡ್ಡ ತಾಪತ್ರಯ ಕೆಳಗಿನ ಮನೆ. ನಮ್ಮದು ಕಾಜುಬಾಗದಲ್ಲಿ ಮೇಲ್ಮಹಡಿ. ಕೆಳಗೆ ರಿಟೈರ್ ಆದ ಮಾಸ್ತರರು ಇದ್ದಾರೆ. ಅವರು ಜಗಳ ಮಾಡುವವರಲ್ಲ. ಒಂದು ದಿನ ಮೇಲೆ ಬಂದು, "ಮಾರಾಯಾ, ನಿನ್ನ ಕೈಯದ್ದು ಹೇಗೋ ಸಹಿಸ್ತೇನೆ. ಕಾಲಿಂದು ಸೀದಾ ನನ್ನ ಮಂಚಕ್ಕೇ ಬರ್ತದೆ" ಅಂದರು. ಕಂಬಳಿ ಹಾಸಿದೆ, ಫೋಮ್ ಹಾಸಿದೆ, ಕಾಲಿನ ಪೆಡಲ್‌ನಿಂದ ಬಾರಿಸುವ ಬಾಸ್ ಡ್ರಮ್ ಒಳಗೆ ದಿಂಬು ತುರುಕಿದೆ. ಮೇಲೆ ಸದ್ದು ಇಳಿಯಿತು, ಕೆಳಗೆ ಇಳಿಯಲಿಲ್ಲ. ಪೆಡಲ್ ಹೊಡೆತ ಗಾಳಿಯಲ್ಲಿ ಹೋಗುವುದಿಲ್ಲ, ಸ್ಲ್ಯಾಬ್ ಹಿಡಿದು ಹೋಗುತ್ತದೆ. ಕೊನೆಗೆ ಕಿಟ್ಟನ್ನು ಹತ್ತು ಸಾವಿರಕ್ಕೆ ಒಬ್ಬ ಕಾಲೇಜು ಹುಡುಗನಿಗೆ ಕೊಟ್ಟೆ.

ಆಮೇಲೆ ಸದ್ದು ಕಡಿಮೆ ಮಾಡುವ ಬಲೆಯ ಹೊದಿಕೆ, ಅಂದರೆ ಮೆಶ್ ಹೆಡ್‌ನ ಎಲೆಕ್ಟ್ರಾನಿಕ್ ಕಿಟ್. ಸುಮಾರು 40 ಸಾವಿರ. "ರೀ, ಇಷ್ಟು ದುಡ್ಡಿಗೆ ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಬರ್ತಿತ್ತು" ಅಂತ ಮನೆಯಲ್ಲಿ ಹೇಳಿದ್ದು ನ್ಯಾಯವೇ. ಅದರಲ್ಲೂ ಪೆಡಲ್ ಗುದ್ದು ಕೆಳಗೆ ಹೋಗುತ್ತಿತ್ತು. ಇದಕ್ಕೆ ಮದ್ದು ಟೆನಿಸ್ ಬಾಲ್ ವೇದಿಕೆ. 18 ಎಂಎಂ ಪ್ಲೈವುಡ್ ಎರಡು ಹಾಳೆ, ನಡುವೆ ಮೂವತ್ತರ ಆಸುಪಾಸು ಬಾಲ್. ಬಾಲ್ ಉರುಳದಂತೆ ಕೆಳಗಿನ ಹಾಳೆಯಲ್ಲಿ 50 ಎಂಎಂ ತೂತು. ನಮ್ಮ ಹುಡುಗರು ಕ್ರಿಕೆಟ್ ಆಡುವ ಹಾರ್ಡ್ ಟೆನಿಸ್ ಬಾಲ್ ಬೇಡ, ಅದು ಬಗ್ಗುವುದಿಲ್ಲ. ಮಾಮೂಲಿ ಟೆನಿಸ್ ಆಡಿ ಸವೆದದ್ದು ಬೇಕು. ಪ್ಲೈವುಡ್ ಸೇರಿ ಮೂರೂವರೆ ಸಾವಿರ ಆಗಿರಬಹುದು. ಬಾಲ್‌ಗಳನ್ನು ಎಲ್ಲೆಲ್ಲಿ ಕೂರಿಸಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದು ನನ್ನ ಹತ್ತಿರವೇ ಇರಲಿ. ಮಾಸ್ತರರು ಈಗ ಮಧ್ಯಾಹ್ನ ನಿದ್ದೆ ಮಾಡುತ್ತಾರೆ, ಅಷ್ಟು ಸಾಕು.

ಹೆಡ್‌ಫೋನಿನಲ್ಲಿ ಗುಂಯ್ ಅಂತ ಸದ್ದು ಬರುತ್ತಿತ್ತು. ನಾನು ಮೋಟರ್ ರಿವೈಂಡಿಂಗ್ ಮಾಡುವವನು, ಅದು ಅರ್ಥಿಂಗ್ ತೊಂದರೆ ಅಂತ ಕೂಡಲೇ ಗೊತ್ತಾಯಿತು. ಹಿತ್ತಲಲ್ಲಿ ಇದ್ದಿಲು, ಉಪ್ಪು ಹಾಕಿ ಹೊಸ ಅರ್ಥಿಂಗ್ ಗುಂಡಿ ಮಾಡಿದೆ. ಗುಂಯ್ ನಿಂತಿತು.

ಇನ್ನು ಕಲಿತದ್ದು.

ತಿಂಗಳಿಗೆ 2500 ಕೊಟ್ಟು ಒಬ್ಬರ ಹತ್ತಿರ ಹೋಗುತ್ತಿದ್ದೆ. ಬಾರಿಸುವುದರಲ್ಲಿ ಗಟ್ಟಿ ಮನುಷ್ಯ. ಆದರೆ ನಾನು ಬಾಯಲ್ಲಿ ಏನಾದರೂ ಅಂದರೆ ಆಗುತ್ತಿರಲಿಲ್ಲ. "ಅದೆಲ್ಲ ತಬಲಾದವರಿಗೆ. ನೀವು ಬಾಯಿ ಮುಚ್ಚಿ ಕೈ ಬಿಡಿ" ಅನ್ನುತ್ತಿದ್ದರು. ನಲವತ್ತರ ಮೇಲೆ ಮಣಿಕಟ್ಟು ಸಡಿಲ ಆಗುವುದಿಲ್ಲ ಅಂತ ಇನ್ನೊಂದು ಮಾತು. ಆರೇಳು ತಿಂಗಳಾದರೂ ಬಲಗಾಲು ಎಡಗೈ ಜೊತೆಗೇ ಬೀಳುತ್ತಿತ್ತು. ಎರಡನ್ನೂ ಬಿಡಿಸಲು ಆಗುತ್ತಲೇ ಇರಲಿಲ್ಲ.

ನನ್ನ ತಾಯಿಮನೆ ಹೊನ್ನಾವರದ ಕಡೆ. ಯಕ್ಷಗಾನದ ಇಡಗುಂಜಿ ಮೇಳದ ಊರು ಗುಣವಂತೆ ಅಲ್ಲೇ ಹತ್ತಿರ. ಆಟ ನೋಡಿ ಬೆಳೆದವರು ನಾವು. ಅಲ್ಲಿ ಚಂಡೆ, ಮದ್ದಳೆ ಕಲಿಯುವ ಹುಡುಗರು ಮೊದಲು ಬಾಯಿತಾಳ ಹೇಳುತ್ತಾರೆ, ಕೈಯಲ್ಲಿ ತಟ್ಟುತ್ತಾರೆ. ತ್ರಿವುಡೆ ತಾಳದ ಏಳು ಅಕ್ಷರ, ಜಂಪೆ ತಾಳದ ಹತ್ತು ಬಾಯಲ್ಲಿ ನಿಂತ ಮೇಲೆಯೇ ಚರ್ಮಕ್ಕೆ ಕೈ. ಇದೇ ದಾರಿ ಡ್ರಮ್ಸ್‌ಗೆ ಯಾಕೆ ಆಗಬಾರದು ಅಂತ ಕ್ಲಾಸು ಬಿಟ್ಟೆ.

ಮಾಡಿದ್ದು ಇಷ್ಟೇ. ನೀವೆಲ್ಲ ಬಾರಿಸುವ ಮಾಮೂಲಿ ಬೀಟ್ ತಗೊಳ್ಳಿ. ಹೈ-ಹ್ಯಾಟ್ ಅಂದರೆ ಒಂದರ ಮೇಲೊಂದು ಕೂತ ಜೋಡಿ ಸಿಂಬಲ್. ಹೈ-ಹ್ಯಾಟ್‌ನಲ್ಲಿ ಎಂಟು ಪೆಟ್ಟು. ಬಾಯಲ್ಲಿ ತಕಧಿಮಿ ತಕಧಿಮಿ. ಪ್ರತಿ ಅಕ್ಷರಕ್ಕೂ ಹ್ಯಾಟ್, 'ತ'ಗೆ ಬಲಗಾಲು, 'ಧಿ'ಗೆ ಸ್ನೇರ್. ಕಾಲನ್ನು ಒಂದು 'ಮಿ'ಗೆ ಸರಿಸಿದರೆ ಬೇರೆ ಬೀಟ್, 'ಕ'ಗೆ ಸರಿಸಿದರೆ ಇನ್ನೊಂದು. ಒಂದು ಎರಡು ಮೂರು ಎಣಿಸುವಾಗ ತಲೆ ಲೆಕ್ಕ ಮಾಡುತ್ತದೆ. ಅಕ್ಷರ ಹೇಳುವಾಗ ಕಾಲಿಗೆ ತನ್ನ ಜಾಗ ತಾನೇ ಗೊತ್ತಾಗುತ್ತದೆ. ಎರಡೂ ಕೈ ಹದಗೊಳಿಸುವ ಪಾಠವಾದ ಪ್ಯಾರಡಿಡಲ್‌ಗೆ ಬಲಗೈ 'ತ', ಎಡಗೈ 'ಕ': ತಕತತ ಕತಕಕ. ಬಸ್ಸಿನಲ್ಲಿ ಕೂತು ಹೇಳುತ್ತಾ ಬಂದರೆ ಅರ್ಧ ಕೆಲಸ ಮುಗಿಯಿತು. ಪಕ್ಕದ ಸೀಟಿನವರು ಎದ್ದು ಹೋಗಬಹುದು.

ಶಫಲ್ ಅನ್ನುವ ಕುಂಟುವ ನಡೆಯ ಬೀಟ್ ನನಗೆ ತಿಂಗಳುಗಟ್ಟಲೆ ಬರಲಿಲ್ಲ. ತಕಿಟ ತಕಿಟ ಹೇಳಿಕೊಂಡು 'ಕಿ' ನುಂಗಿ 'ತ', 'ಟ' ಮಾತ್ರ ಬಾರಿಸಿದೆ. ಒಂದೇ ಸಂಜೆಯಲ್ಲಿ ಬಂತು. ಎರಡರ ಮೇಲೆ ಮೂರು ಬಾರಿಸುವುದೂ ಹಾಗೆಯೇ. ತಕಿಟ ತಕಿಟದಲ್ಲಿ ಎಡಗೈ ಎರಡೂ 'ತ'ಗೆ. ಬಲಗೈ ಮೊದಲ 'ತ', ಮೊದಲ 'ಟ', ಎರಡನೇ 'ಕಿ'ಗೆ. ನಂಬದಿದ್ದರೆ ಈಗಲೇ ತೊಡೆ ಮೇಲೆ ತಟ್ಟಿ ನೋಡಿ.

ಮೆಟ್ರೊನೋಮ್ 50ರಲ್ಲಿ, ಅಂದರೆ ನಿಮಿಷಕ್ಕೆ 50 ಟಿಕ್‌ನಲ್ಲಿ ಶುರು. 60ಕ್ಕೆ ಹೋಗಲು ವಾರಗಳೇ ಬೇಕಾದವು. 50ರಲ್ಲಿ ಬಾರಿಸುವುದು 100ಕ್ಕಿಂತ ಕಷ್ಟ, ಇದು ಬಾರಿಸುವವರಿಗೆಲ್ಲ ಗೊತ್ತು, ಆದರೂ ಯಾರೂ ಮಾಡುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದಾಗ ಎಲೆಕ್ಟ್ರಾನಿಕ್ ಕಿಟ್ ಸತ್ತಂತೆ. ಆಗ ಪ್ಯಾಡು ಮತ್ತು ಬಾಯಿ. ನನ್ನ ಕೈ ನಿಜವಾಗಿ ತಿರುಗಿದ್ದು ಆ ಕತ್ತಲ ಸಂಜೆಗಳಲ್ಲೇ. ಎಡಗಾಲಿಗೆ ಮಾತ್ರ ಬೇರೆ ಒಂದು ಪಾಠ ಕಟ್ಟಿಕೊಂಡಿದ್ದೇನೆ, ಅದನ್ನು ಇಲ್ಲಿ ಬಿಡಿಸಿ ಬರೆಯಲ್ಲ. ಶನಿವಾರದ ಗುಂಪಿನ ಇಬ್ಬರು ಹುಡುಗರು ಅದನ್ನೇ ಕೇಳುತ್ತಿದ್ದಾರೆ.

ನಡುವೆ ಒಂದಿಷ್ಟು ಹುಚ್ಚಾಟವೂ ಆಯಿತು. 5ಎ ಅಳತೆಯ ಹಿಕರಿ ಮರದ ಸ್ಟಿಕ್ ಜೋಡಿಗೆ 700 ರೂಪಾಯಿ ಕೊಡುವುದು ಯಾಕೆ, ನಮ್ಮ ಜಿಲ್ಲೆಯಲ್ಲಿ ಮರಕ್ಕೆ ಬರವೇ ಅಂತ ಶಿರಸಿಯ ಒಬ್ಬ ಬಡಗಿಯಿಂದ ಕಡೆಸಿದೆ. ಸಾಗವಾನಿಯದ್ದು ತುದಿಯಲ್ಲಿ ಮುರಿಯಿತು. ಮತ್ತಿ ಮುರಿಯಲಿಲ್ಲ, ಆದರೆ ಭಾರಕ್ಕೆ ಮೊಣಕೈ ನೋವು. ಒಂದು ಜೋಡಿಯಂತೂ ಬಾಳೆಕಾಯಿಯ ಹಾಗೆ ಬಗ್ಗಿತು. ಕಡೆಸಿದ ಖರ್ಚಿನಲ್ಲಿ ಮೂರು ಜೋಡಿ ಹಿಕರಿ ಬರುತ್ತಿತ್ತು. ಅಂಕೋಲಾ ಕಡೆಯಿಂದ ಗುಮಟೆಯನ್ನೂ ತಂದೆ. ಇಲ್ಲಿನ ಹಾಲಕ್ಕಿ ಸಮುದಾಯದವರು ಸುಗ್ಗಿಯಲ್ಲಿ ಬಾರಿಸುವುದು. ಮಣ್ಣಿನ ಮಡಕೆ. ಮೊದಲೆಲ್ಲ ಉಡದ ಚರ್ಮ ಕಟ್ಟುತ್ತಿದ್ದರು, ಈಗ ಕಾನೂನು ಬಿಡುವುದಿಲ್ಲ, ನನ್ನದು ಆಡಿನದ್ದು. ಒಂದು ಕೈ ಚರ್ಮದ ಮೇಲೆ, ಇನ್ನೊಂದು ಕೈ ಮಡಕೆಯ ಬಾಯಿ ಮುಚ್ಚಿ ತೆಗೆಯಬೇಕು. ನಾನು ಅದನ್ನು ಚೆನ್ನಾಗಿ ಬಾರಿಸುತ್ತೇನೆ ಅಂದರೆ ಹಾಲಕ್ಕಿ ಗೌಡರು ಓಡಿಸಿಯಾರು. ಆದರೆ ಬೆರಳ ತುದಿಯಲ್ಲಿ ಸಣ್ಣಗೆ ತಟ್ಟುವುದು ಅಲ್ಲಿಂದಲೇ ಬಂತು. ಈಗ ಸ್ನೇರ್‌ನಲ್ಲಿ ನನ್ನ ಘೋಸ್ಟ್ ನೋಟ್ (ಕೇಳಿಯೂ ಕೇಳದಂಥ ಸಣ್ಣ ಪೆಟ್ಟು) ಕೇಳಿದವರು ಎಲ್ಲಿ ಕಲಿತೆ ಅಂತ ಕೇಳುತ್ತಾರೆ.

ಡ್ರಮ್ಸ್‌ನಲ್ಲಿ ಲೆಕ್ಕ ಕೂತ ಮೇಲೆ ಬೇರೆ ಕಡೆಯೂ ಹಚ್ಚಿ ನೋಡುವ ಆಸೆ ಬಂತು.

ಬ್ಯಾಡ್ಮಿಂಟನ್‌ನಲ್ಲಿ ಸೋತೆ. ಅಲ್ಲಿ ತಾಳ ಎದುರಿನವನ ಕೈಯಲ್ಲಿ. ಅವನು ಹೊಡೆಯುವ ಗಳಿಗೆಗೆ ಸರಿಯಾಗಿ ಸಣ್ಣಗೆ ಜಿಗಿದು ನಿಲ್ಲುವುದು ಮಾತ್ರ ಬಾಯಲ್ಲಿ 'ಧಿಂ' ಅಂದುಕೊಂಡು ಬಂತು. ಉಳಿದದ್ದು ಬರಲಿಲ್ಲ, ಮೊಣಕಾಲು ಊದಿತು. ಶಟಲ್‌ಗೆ ತಿಂಗಳಿಗೆ ಸಾವಿರಕ್ಕೂ ಮೇಲೆ. ಬಯಲುಸೀಮೆಯವರು ಗರಿಯ ಶಟಲ್ ಒಣಗಿ ಒಡೆಯುತ್ತದೆ ಅಂತ ಹಬೆ ಹಿಡಿಯುತ್ತಾರೆ. ನಮಗೆ ಆ ಖರ್ಚಿಲ್ಲ, ಹಬೆಯಲ್ಲೇ ಬದುಕುವವರು. ಗೋಕರ್ಣದಲ್ಲಿ ಸರ್ಫಿಂಗ್ ಪಾಠವನ್ನೂ ನೋಡಿದೆ, ಒಂದು ಸಲಕ್ಕೆ ಎರಡು ಸಾವಿರದ ಹತ್ತಿರ. ಹಲಗೆ ಮೇಲೆ ನಿಂತದ್ದಕ್ಕಿಂತ ಉಪ್ಪುನೀರು ಕುಡಿದದ್ದೇ ಜಾಸ್ತಿ. ಅಲೆಗೆ ಮೆಟ್ರೊನೋಮ್ ಇಲ್ಲ.

ಆದರೆ ಈಜು! ಹೊಳೆಯಲ್ಲಿ ತಲೆ ಮೇಲಿಟ್ಟು ಈಜುವುದು ಚಿಕ್ಕಂದಿನಿಂದ ಗೊತ್ತಿತ್ತು. ಮುಖ ನೀರೊಳಗೆ ಇಟ್ಟು ಫ್ರೀಸ್ಟೈಲ್ ಹೊಡೆಯಲು ಹೋದರೆ ಹದಿನೈದು ಮೀಟರ್‌ಗೆ ಉಸಿರು ಮುಗಿಯುತ್ತಿತ್ತು. ಕಾಲಿನಲ್ಲಿ ದಮ್ಮಿಲ್ಲ ಅಂತ ಎಲ್ಲರೂ ಹೇಳಿದರು. ತೊಂದರೆ ಕಾಲಿನದ್ದಲ್ಲ. ನಾನು ನೀರೊಳಗೆ ಉಸಿರು ಬಿಡುತ್ತಲೇ ಇರಲಿಲ್ಲ. ತಕಿಟ ಹಚ್ಚಿದೆ. ಮೂರು ಕೈಗೆ ಒಂದು ಉಸಿರು. 'ತ'ಗೆ ಮುಖ ಪಕ್ಕಕ್ಕೆ, 'ಕಿಟ'ಗೆ ಮುಖ ನೀರೊಳಗೆ. ಮೂರು ಬೆಸ ಆದ್ದರಿಂದ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಾನಾಗಿ ಬರುತ್ತದೆ. ನೀರೊಳಗೆ ಅಕ್ಷರ ಹೇಳಲಾಗದು, ಗುನುಗಬಹುದು. ಗುನುಗಿದರೆ ಉಸಿರು ತಾನಾಗಿ ಹೊರಗೆ ಹೋಗುತ್ತದೆ. ಕಾಲಿಗೂ ಅದೇ ಲೆಕ್ಕ: ಒಂದು ಕೈಗೆ ಒಂದು ತಕಿಟ, ಎರಡು ಕೈಗೆ ಆರು ಒದೆತ. ಕೈಯ ತಕಿಟದೊಳಗೆ ಕಾಲಿನ ತಕಿಟ ಮೂರು ಪಟ್ಟು ವೇಗದಲ್ಲಿ ಓಡಬೇಕು. ಡ್ರಮ್ಸ್ ಬಾರಿಸುವವನಿಗೆ ಇದು ಕಷ್ಟವೇ ಅಲ್ಲ.

ನವೆಂಬರ್‌ನಿಂದ ಫೆಬ್ರವರಿ ತನಕ, ಟ್ಯಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ನೀರು ತಣ್ಣಗೆ ಕೂತಿರುವಾಗ, ದಂಡೆಗುಂಟ, ಎದೆಮಟ್ಟದ ನೀರು ಬಿಡದೆ. ಜೊತೆಗೆ ಬೈತಖೋಲದ ಮೀನುಗಾರ ಗೆಳೆಯ. ಒಬ್ಬನೇ ಇಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಕಡಲಿನ ಸುದ್ದಿಗೇ ಹೋಗುವುದಿಲ್ಲ. ಈ ಸಲ ನಿಲ್ಲದೆ ಅರ್ಧ ಕಿಲೋಮೀಟರ್ ಆಗಿರಬೇಕು. ಗೆಳೆಯ ದಂಡೆಯ ಮೇಲೆ ಹೆಜ್ಜೆ ಹಾಕಿ ಅಳೆದದ್ದು, ಅವನ ಹೆಜ್ಜೆ ಉದ್ದ ಅಂತ ನನ್ನ ವಾದ. ನಾನು ಗುನುಗುವುದನ್ನು ಮೊದಲ ಸಲ ಕೇಳಿದಾಗ ನಾನು ಮುಳುಗುತ್ತಿದ್ದೇನೆ ಅಂದುಕೊಂಡು ಅವನು ಓಡಿ ಬಂದಿದ್ದ.

ಶನಿವಾರದ ಗುಂಪಿನ ವಿಷಯ. ಸದಾಶಿವಗಡದ ಒಬ್ಬರು ಕೀಬೋರ್ಡ್, ಬ್ಯಾಂಕಿನವರೊಬ್ಬರು ಬಾಸ್ ಗಿಟಾರ್. ಮೊದಲು ನನ್ನ ಕೈಗೆ ಶೇಕರ್ ಕೊಟ್ಟು ಮೂಲೆಯಲ್ಲಿ ಕೂರಿಸಿದ್ದರು. ಒಂದು ಸಂಜೆ ಏಳು ಮಾತ್ರೆಯ ಹಾಡೊಂದು ಬಂತು. ಬಾರಿಸುವ ಹುಡುಗ ಕೈಯಲ್ಲಿ ಚುರುಕು, ಆದರೆ ಎಣಿಸಿ ಎಣಿಸಿ ಎರಡನೇ ಸಾಲಿನಲ್ಲೇ ತಪ್ಪುತ್ತಿದ್ದ. ನಾನು ಮೂಲೆಯಿಂದ ತಕಿಟ ತಕಧಿಮಿ ಅಂತ ಹೇಳುತ್ತಾ ಹೋದೆ. ಹಾಡು ಮುಗಿಯುವ ತನಕ ತಪ್ಪಲಿಲ್ಲ. "ಅಂಕಲ್, ನೀವೇ ಕೂತ್ಕೊಳ್ಳಿ" ಅಂತ ಅವನೇ ಎದ್ದ. ಹೋದ ಗಣೇಶ ಹಬ್ಬದಲ್ಲಿ ಒಂದು ಪೆಂಡಾಲಿನಲ್ಲಿ ಬಾರಿಸಿ ನನ್ನ ಪಾಲಿಗೆ 700 ರೂಪಾಯಿ ಬಂತು. ಒಂದು ಜೋಡಿ ಸ್ಟಿಕ್ ಖರ್ಚು. ಒಟ್ಟು ಹೋದದ್ದು ಎಂಬತ್ತು ಸಾವಿರ ಮೀರಿರಬಹುದು. ಮನೆಯಲ್ಲಿ ಐವತ್ತು ಅಂತ ಹೇಳಿದ್ದೇನೆ.

ಈಗ ಡಬಲ್ ಪೆಡಲ್, ಅಂದರೆ ಎರಡೂ ಕಾಲಿನಲ್ಲಿ ಬಾಸ್ ಡ್ರಮ್ ಬಾರಿಸುವ ಪೆಡಲ್, ಹುಡುಕುತ್ತಿದ್ದೇನೆ. ಹಳೇದು ಆರು ಸಾವಿರದೊಳಗೆ ಸಿಕ್ಕರೆ ತಗೊಳ್ಳಬಹುದು, ಆದರೆ ಎಡ ಪೆಡಲ್‌ನಿಂದ ಬರುವ ರಾಡಿನ ಎರಡೂ ಕಡೆಯ ಕೀಲು ಅಲ್ಲಾಡಿಸಿ ನೋಡಿ. ಅಲ್ಲಿ ಆಟ ಇದ್ದರೆ ಎಡಗಾಲು ಯಾವತ್ತೂ ಅರೆಗಳಿಗೆ ತಡ. ಚೈನಿನ ತುಕ್ಕು ಸೀಮೆಎಣ್ಣೆಯಲ್ಲಿ ನೆನೆಸಿದರೆ ಹೋಗುತ್ತದೆ, ಅದಕ್ಕೆ ರೇಟು ಇಳಿಸಿ ಕೇಳಿ.